ಕೃತಕ ಹಾರಾಟವೂ ನಮ್ಮ ಜಿಲ್ಲೆಯ ತರುಣರೂ

ಚಳ್ಳಕೆರೆ ತಾಲ್ಲೂಕಿನ ಕಾವಲು ಭೂಮಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯವರ ವೈಮಾನಿಕ ಪರೀಕ್ಷಾ ಕ್ಷೇತ್ರವು 2017ನೆಯ ಮೇ 28ರಂದು ವಿಧ್ಯುಕ್ತವಾಗಿ ಆರಂಭವಾಯಿತು. ಇಸ್ರೋದವರ ರೆಕ್ಕೆಯುಳ್ಳ ವಾಹನವೊಂದು 2023ನೆಯ ಏಪ್ರಿಲ್ 2ರಂದು ಇಲ್ಲಿಯೇ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಕಳಚಿಕೊಂಡು, ವೈಮಾನಿಕನಿಲ್ಲದೆಯೇ ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಇಂಥ ಪ್ರಯೋಗ ಮತ್ತೆರಡು ಬಾರಿ ಸಫಲವಾಯಿತು. ದುರ್ಗದ ಜನತೆ ಹೆಮ್ಮೆಪಟ್ಟುದು ಸಹಜವೇ. ಆದರೆ ಹೆಮ್ಮೆಯೊಂದರಿಂದಲೇ ವಿದ್ಯೆ ಬಾರದು. ಈ ಹಾರಾಟಗಳ ಹಿಂದಿರುವ ವಿದ್ಯೆ ಯಾವುದು, ಅದರಲ್ಲಿ ನಮ್ಮ ಜಿಲ್ಲೆಯ ಪಾಲೇನು ಎಂಬುದನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ವಿಮಾನವು ನೆಲ ಬಿಡುವ ಮೊದಲೇ ಅದನ್ನು ಕೋಣೆಯೊಳಗೆ ಹಾರಿಸಿ ನೋಡುವ ಸಾಧನಕ್ಕೆ ಸಿಮ್ಯುಲೇಟರ್ ಎಂದು ಹೆಸರು. ವೈಮಾನಿಕನು ಸ್ಟಿಕ್ಕನ್ನು ಅಲುಗಿಸಿದರೆ ನಿಜವಾದ ವಿಮಾನವು ಏನು ಮಾಡೀತೆಂಬುದನ್ನು ಗಣಕಯಂತ್ರವು ಲೆಕ್ಕಹಾಕಿ ತೆರೆಯ ಮೇಲೆ ತೋರಿಸುತ್ತದೆ. ನೆಟ್ಟನೆಯ ಹಾರಾಟವನ್ನು ತೋರಿಸುವುದು ಸುಲಭ. ವಿಮಾನದ ಸೂಕ್ಷ್ಮವಾದ ಚಾಳಿಗಳನ್ನು ತೋರಿಸುವುದೇ ಕಷ್ಟ. ಈ ಕಾವಲು ಪೂರ್ವದಲ್ಲಿ ಅಮೃತಮಹಲ್ ದನಗಳಿಗೆ ಮೀಸಲಾಗಿತ್ತಷ್ಟೆ. ಆ ಎತ್ತು ಓಟದಲ್ಲಿ ಎಷ್ಟು ಚುರುಕೋ ಸ್ವಭಾವದಲ್ಲಿ ಅಷ್ಟೇ ಬಿರುಸು. ಹಗ್ಗವನ್ನು ಎಷ್ಟು ಜಗ್ಗಿದರೆ ತಿರುಗೀತು, ಎಷ್ಟಕ್ಕೆ ಕೆರಳೀತು ಎಂಬುದನ್ನು ಬಲ್ಲವನು ಅದನ್ನು ಹೂಡಿದ ರೈತನೇ ಹೊರತು ಜಾತ್ರೆಯಲ್ಲಿ ಬೆಲೆ ಕಟ್ಟಿದವನಲ್ಲ. ಜೆಟ್ ಯುದ್ಧವಿಮಾನದ ಮಾತೂ ಹೀಗೆಯೇ.

ನಮ್ಮ ತೇಜಸ್ ವಿಮಾನವನ್ನೇ ನೋಡೋಣ. ಅದಕ್ಕೆ ಬಾಲದ ಅಡ್ಡರೆಕ್ಕೆಯಿಲ್ಲ. ಮೂಗನ್ನು ಎತ್ತುವ ಕೆಲಸವೂ ರೆಕ್ಕೆಯ ಹಿಂದಂಚಿನ ಹಲಗೆಗಳದ್ದೇ. ಇಂಥ ವಿಮಾನದಲ್ಲಿ ಮೇಲೇರಲೆಂದು ಸ್ಟಿಕ್ಕನ್ನು ಹಿಂದಕ್ಕೆಳೆದರೆ ಆ ಹಲಗೆಗಳು ಮೇಲೆದ್ದು, ಕ್ಷಣಮಾತ್ರ ರೆಕ್ಕೆಯ ಬಲ ತಗ್ಗುತ್ತದೆ. ಏರುವ ಮುನ್ನ ವಿಮಾನವು ತುಸು ಕುಸಿಯುತ್ತದೆ. ಆಕಾಶದಲ್ಲಿ ಇದು ಗಮನಕ್ಕೂ ಬಾರದು. ನೆಲ ಹತ್ತಿರವಾದಾಗ ಇದೇ ದೊಡ್ಡ ಸಂಗತಿಯಾಗುತ್ತದೆ. ಸಿಮ್ಯುಲೇಟರಿನಲ್ಲಿ ಮತ್ತೊಂದು ತೊಡಕುಂಟು. ಕೈ ಅಲುಗಿದುದಕ್ಕೂ ತೆರೆಯ ಚಿತ್ರ ಅಲುಗುವುದಕ್ಕೂ ನಡುವೆ ಸೆಕೆಂಡಿನ ಹತ್ತನೆಯ ಒಂದು ಪಾಲಿಗೆ ಮೀರಿದ ವಿಳಂಬವಾದರೆ, ವೈಮಾನಿಕನು ಸಾಲದೆಂದು ಇನ್ನಷ್ಟು ಎಳೆಯುತ್ತಾನೆ, ಹೆಚ್ಚಾಯಿತೆಂದು ಮತ್ತೆ ತಳ್ಳುತ್ತಾನೆ. ವಿಮಾನವು ತೊಟ್ಟಿಲಿನಂತೆ ತೂಗತೊಡಗುತ್ತದೆ. ಈ ದೋಷ ವಿಮಾನದ್ದೋ ತೋರಿಸುವ ಯಂತ್ರದ್ದೋ ಎಂದು ವಿಂಗಡಿಸುವುದೇ ಈ ವಿದ್ಯೆಯ ತಿರುಳು. ವಿಮಾನದ ಕುಂದನ್ನು ಮುಚ್ಚಿ ನಯವಾಗಿ ಹಾರುವ ಸಿಮ್ಯುಲೇಟರು ಕಲಿಯುವವನನ್ನು ವಂಚಿಸುತ್ತದೆ.

ಮುಂದುವರಿದ ರಾಷ್ಟ್ರಗಳೂ ಇದಕ್ಕೆ ಬೆಲೆ ತೆತ್ತಿವೆ. ಸ್ವೀಡನ್ನಿನ ಗ್ರಿಪೆನ್ ವಿಮಾನವು 1989ರಲ್ಲಿ ಇಳಿಯುವಾಗಲೂ, 1993ರಲ್ಲಿ ಸ್ಟಾಕ್‌ಹೋಮ್ ನಗರದ ಮೇಲೆ ಪ್ರದರ್ಶನ ನೀಡುವಾಗಲೂ ಇಂಥ ತೂಗಾಟಕ್ಕೆ ಸಿಕ್ಕಿ ನಾಶವಾಯಿತು. ನಮ್ಮ ಅನುಭವ ಬೇರೊಂದು ಬಗೆಯದು. 1998ರಲ್ಲಿ ಪೋಖ್ರಾನ್ ಪರೀಕ್ಷೆಯ ತರುವಾಯ ಅಮೆರಿಕವು ನಿರ್ಬಂಧ ಹೇರಿದಾಗ, ತೇಜಸ್ಸಿನ ಹಾರಾಟ ನಿಯಂತ್ರಣಕ್ಕೆ ಅಲ್ಲಿಂದ ಬರುತ್ತಿದ್ದ ನೆರವು ನಿಂತುಹೋಯಿತು. ಬೆಂಗಳೂರಿನ ಇಂಜಿನಿಯರರೂ ಪರೀಕ್ಷಾ ವೈಮಾನಿಕರೂ ಎದೆಗುಂದದೆ, ಇಲ್ಲಿನ ಸಿಮ್ಯುಲೇಟರುಗಳ ಮುಂದೆ ಕುಳಿತು ಉಳಿದುದನ್ನು ತಾವೇ ಸಾಧಿಸಿದರು. 2001ನೆಯ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಅವರು ಆ ವಿಮಾನವನ್ನು ಮೊದಲ ಬಾರಿಗೆ ಹಾರಿಸಿ ಕ್ಷೇಮವಾಗಿ ಇಳಿಸಿದರು. ವಿಮಾನವನ್ನು ಹಣ ಕೊಟ್ಟು ತರಬಹುದು. ಅದರ ಒಳಗುಣಗಳ ಅರಿವನ್ನು ಯಾವ ರಾಷ್ಟ್ರವೂ ಮನಸಾರೆ ಮಾರುವುದಿಲ್ಲ ಎಂಬುದೇ ಇದರಿಂದ ನಾವು ಕಲಿಯಬೇಕಾದ ಪಾಠ.

ಈಗ ನಮ್ಮ ಜಿಲ್ಲೆಯ ಮಾತು. ಪರೀಕ್ಷಾ ಕ್ಷೇತ್ರಕ್ಕೆ ನಾಲ್ಕು ಸಾವಿರ ಎಕರೆಗೂ ಮಿಕ್ಕ ಭೂಮಿ ಸಂದಿದೆ. ಕುರಿ ದನ ಮೇಯಿಸುತ್ತಿದ್ದ ಹಳ್ಳಿಗರ ಅಹವಾಲು ಹಸಿರು ನ್ಯಾಯಾಧಿಕರಣದವರೆಗೂ ಹೋಗಿದ್ದುದು ಎಲ್ಲರಿಗೂ ತಿಳಿದಿದೆ. ದೇಶಕ್ಕಾಗಿ ಹುಲ್ಲುಗಾವಲನ್ನು ಬಿಟ್ಟವರ ಮಕ್ಕಳು ಬೇಲಿಯಾಚೆ ನಿಂತು ಆಕಾಶ ನೋಡುವುದರಲ್ಲಿಯೇ ತೃಪ್ತರಾಗಬೇಕೆ? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತರುಣರು ಇಂದು ಮನೆಯ ಗಣಕಯಂತ್ರದಲ್ಲಿಯೇ ಯುದ್ಧವಿಮಾನ ಹಾರಿಸುವ ಆಟವಾಡಬಲ್ಲರು. ಈ ವಿಮಾನ ತಿರುವಿನಲ್ಲಿ ಮೂಗು ತಗ್ಗಿಸುತ್ತದೆ, ಆ ವಿಮಾನ ನಿಧಾನಿಸಿದರೆ ಓಲಾಡುತ್ತದೆ ಎಂದು ತಮ್ಮತಮ್ಮಲ್ಲಿ ವಾದಿಸುವವರೂ ಉಂಟು. ಹಿರಿಯರು ಇದನ್ನು ಕಾಲಹರಣವೆನ್ನಬಹುದು, ನಾವು ಹಾಗೆನ್ನಲಾರೆವು. ಸೂಕ್ಷ್ಮವನ್ನು ಗಮನಿಸುವ ಕಣ್ಣು ಅಲ್ಲಿದೆ. ಅದನ್ನು ಅಳತೆಗೂ ಲೆಕ್ಕಕ್ಕೂ ಹಚ್ಚುವ ಗುರುವೊಬ್ಬನ ಕೊರತೆ ಮಾತ್ರ ಇದೆ.

ಆದುದರಿಂದ ಚಿತ್ರದುರ್ಗ ನಗರದಲ್ಲಿ ಒಂದು ಸಿಮ್ಯುಲೇಟರ್ ಪ್ರಯೋಗಶಾಲೆಯನ್ನು ಸರ್ಕಾರದವರು ಸ್ಥಾಪಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. ಅದು ಜಿಲ್ಲೆಯ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳೆಲ್ಲರಿಗೂ ತೆರೆದಿರಲಿ. ನಿವೃತ್ತ ಪರೀಕ್ಷಾ ವೈಮಾನಿಕರು ವರ್ಷಕ್ಕೆ ಕೆಲವು ದಿನವಾದರೂ ಬಂದು, ಯಂತ್ರ ತೋರಿಸಿದುದು ಎಲ್ಲಿ ನಿಜ, ಎಲ್ಲಿ ಸುಳ್ಳು ಎಂದು ತಿಳಿಸಲಿ. ರಕ್ಷಣೆಯ ಗುಟ್ಟು ಬಯಲಾದೀತೆಂಬ ಶಂಕೆಗೆ ಆಧಾರವಿಲ್ಲ. ತೇಜಸ್ಸಿನ ಒಳಲೆಕ್ಕಗಳನ್ನು ಯಾರೂ ಕೇಳುತ್ತಿಲ್ಲ. ಹಾರಾಟದ ಸಾಮಾನ್ಯ ಸೂತ್ರಗಳು ಪಠ್ಯಪುಸ್ತಕಗಳಲ್ಲಿಯೇ ಇವೆ. ಅಭ್ಯಾಸಕ್ಕೆ ಅಷ್ಟು ಸಾಕು.

ಭೂಮಿಯನ್ನು ಪಡೆದವರು ವಿದ್ಯೆಯನ್ನು ಹಿಂದಿರುಗಿಸುವುದು ನ್ಯಾಯ. ಜಿಲ್ಲೆಯ ಶಾಸಕರೂ ಲೋಕಸಭಾ ಸದಸ್ಯರೂ ಪಕ್ಷಭೇದವನ್ನು ಬದಿಗಿಟ್ಟು ಈ ವಿಷಯವನ್ನು ಕೈಗೆತ್ತಿಕೊಳ್ಳುವರೆಂದು ನಂಬಿದ್ದೇವೆ.