ಹಾಡಿನ ಕೆಳಗಿನ ದನಿ

ಮದುವೆಮನೆಯಲ್ಲಿ ಪುರೋಹಿತರಿಗಿಂತ ಹೆಚ್ಚಿನ ಅಧಿಕಾರ ವಿಡಿಯೋದವನದು. “ತುಸು ತಡೆಯಿರಿ” ಎಂದು ಅವನು ಕೈಯೆತ್ತಿದನೆಂದರೆ ತಾಳಿ ಹಿಡಿದ ಕೈ ಹಾಗೆಯೇ ನಿಲ್ಲುತ್ತದೆ, ಮುಹೂರ್ತವೂ ಕಾಯಬೇಕು!

ಹೀಗೆ ಮೂವತ್ತು ವರ್ಷ ಮದುವೆಗಳನ್ನು ಚಿತ್ರಿಸಿದ ಮೈಸೂರಿನ ಒಬ್ಬಾತನಿಗೆ ಈಗ ಬೇರೊಂದು ಕೆಲಸ ಒದಗಿದೆ: ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು. 1976ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಪದ್ಧತಿಯ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನಾಯ್ ಸಂಸ್ಥೆ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಇತ್ತ ಪೆಟ್ಟಿಗೆಯಲ್ಲಿಟ್ಟ ಟೇಪಿಗೆ ಮಳೆಗಾಲದ ತೇವದಿಂದ ಬೂಷ್ಟು ಹಿಡಿಯುತ್ತದೆ. ಚಿತ್ರವನ್ನು ಹೊತ್ತ ಲೇಪವೇ ಸಡಿಲವಾಗುತ್ತದೆ. ತಂದವರು ಬೇಡುವುದು ಮಾಂಗಲ್ಯಧಾರಣೆಯನ್ನಲ್ಲ, ಪಂಕ್ತಿಯಲ್ಲಿ ಪಾಯಸ ಬಡಿಸುತ್ತ ಅರೆಗಳಿಗೆ ಹಾದುಹೋಗುವ ಅಜ್ಜಿಯನ್ನು. ಆಕೆಯ ನಡಿಗೆ ಸಿಕ್ಕುತ್ತದೆ, ದನಿ ಸಿಕ್ಕುವುದಿಲ್ಲ. ಅದರ ಮೇಲೆ ಅಂದಿನ ಚಿತ್ರಗೀತೆ ಕುಳಿತಿದೆ. ಊಟದ ಗದ್ದಲ ಬೇಡವೆಂದು ಹಾಡು ಹಾಕಿಸಿದವರು ಆ ಮನೆಯವರೇ, ಹಾಕಿದವನು ಈತ.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಬಂದಿದೆ. ಹಿಂದೆ ಚಿತ್ರದೊಳಕ್ಕೆ ಬಾರದಿದ್ದ ಅಡುಗೆಯವರೂ ಓಲಗದವರೂ ತಮ್ಮನ್ನು ತಾವೇ ಸೆರೆಹಿಡಿದುಕೊಳ್ಳುತ್ತಾರೆ. ಅದು ನ್ಯಾಯವೇ ಎನ್ನುತ್ತಾನೆ ಆತ, ನ್ಯಾಯವೇ ಹೌದು. ಆದರೆ ಫೋನು ಬದಲಿಸುವಾಗ ಅಳಿದುಹೋಗುವ ಚಿತ್ರಗಳೆಷ್ಟು! ಉಳಿದ ಸಾವಿರ ತುಣುಕುಗಳ ನಡುವೆ ನಾಳಿನ ಮೊಮ್ಮಗಳು ತನ್ನ ಅಜ್ಜಿಯನ್ನು ಎಲ್ಲಿ ಅರಸಬೇಕು? ಕ್ಯಾಸೆಟ್ಟಿನ ಬೆನ್ನ ಮೇಲಾದರೋ ಹೆಸರು, ತಾರೀಖು ಬರೆದಿರುತ್ತಿತ್ತು.

ಈಚೆಗೆ ಒಪ್ಪಿಕೊಂಡ ಮದುವೆಗಳಲ್ಲಿ ಆತ ಪಂಕ್ತಿಯ ಉದ್ದಕ್ಕೂ ಒಮ್ಮೆ ಕ್ಯಾಮೆರಾ ಹಿಡಿದು ಸುಮ್ಮನೆ ನಡೆದುಬರುತ್ತಾನೆ. ಆ ಭಾಗಕ್ಕೆ ಹಾಡು ಹಾಕುವುದಿಲ್ಲವೆಂಬುದು ಆತನ ಕರಾರು.