ಮುದಿನಾಯಿಯ ಶಯನಸ್ಥಾನ

ವಿದ್ಯಾರ್ಥಿಯ ಪಂಚಲಕ್ಷಣಗಳಲ್ಲಿ ಶ್ವಾನನಿದ್ರೆಯೂ ಒಂದೆಂದು ಪೂರ್ವಿಕರು ಎಣಿಸಿದರು. ಆದರೆ ಆ ಶ್ವಾನವೇ ಗೃಹಸ್ಥನ ಹಾಸಿಗೆಯನ್ನು ಆಕ್ರಮಿಸಿದರೆ ಮಾಡತಕ್ಕದ್ದೇನು? ಮರಿಯಾಗಿದ್ದಾಗ ಮನೆಯವರೇ ಮುದ್ದಿನಿಂದ ಕಲಿಸಿದ ಪಾಠಕ್ಕಾಗಿ ಮುಪ್ಪಿನಲ್ಲಿ ಬೆತ್ತದ ಏಟು ಕೊಡುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ.

7-8 ವರ್ಷ ಮೀರಿದ ನಾಯಿಗೆ ಕೀಲುನೋವು ಬರುವುದುಂಟು. ತಣ್ಣನೆಯ ಕಲ್ಲುನೆಲವನ್ನು ಅದು ಸಹಿಸಲಾರದು. ಆದುದರಿಂದ ಮೊದಲು ಮಂಚದ ಪಕ್ಕದಲ್ಲಿಯೇ ಗೋಣಿಯ ಮೇಲೆ ದಪ್ಪ ಕಂಬಳಿಯನ್ನು ಹಾಸಿರಿ. ಮಂಚವೇರಿದಾಗಲೆಲ್ಲ ಗದರಿಸದೆ ಇಳಿಸಿರಿ. ಕಂಬಳಿಯಲ್ಲಿ ಮಲಗಿದೊಡನೆ ಒಂದು ತುಣುಕು ರೊಟ್ಟಿಯನ್ನು ಕೊಡಿರಿ. ಅಲ್ಲಿ ರೂಢಿಯಾದ ಬಳಿಕ ಹಾಸನ್ನು ದಿನಕ್ಕೊಂದು ಗೇಣು ಬಾಗಿಲ ಕಡೆಗೆ ಸರಿಸಬಹುದು. ಯಜಮಾನನು ಇಳಿಸಿದ್ದನ್ನು ಮಕ್ಕಳು ಹತ್ತಿಸಿದರೆ ಫಲವಿಲ್ಲ. ಮನೆಗೆಲ್ಲ ಒಂದೇ ನಿಯಮವಿರಲಿ.

ಹಠಾತ್ತಾಗಿ ನಿದ್ದೆಗೆಟ್ಟು ರಾತ್ರಿಯೆಲ್ಲ ಅಲೆದಾಡುವ ಮುದಿನಾಯಿಯನ್ನು ಮಾತ್ರ ಪಶುವೈದ್ಯರಿಗೆ ತೋರಿಸತಕ್ಕದ್ದು. ಅದು ವ್ಯಾಧಿಯ ಲಕ್ಷಣವಾಗಿರಬಹುದು.