ಸೈರನ್ ಮೊಳಗಿದ ಮೇಲೆ ಎಲ್ಲಿಗೆ ಹೋಗಬೇಕು?

2025ರ ಮೇ 7ರ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಗೆ ಕೇಂದ್ರ ಗೃಹ ಸಚಿವಾಲಯ ಕೊಟ್ಟ ಮುಖ್ಯ ಅಂಶಗಳಲ್ಲಿ ಸೈರನ್ ಇತ್ತು, ದೀಪ ಆರಿಸುವುದಿತ್ತು, ಸ್ಥಾವರಗಳನ್ನು ಮರೆಮಾಚುವುದಿತ್ತು. 1971ರ ಯುದ್ಧ ಕಂಡವರಿಗೆ ಇದೆಲ್ಲ ಪರಿಚಿತ. ಆದರೆ ಎದುರುಬದುರು ನಿಂತಿದ್ದ ಭಾರತ, ಪಾಕಿಸ್ತಾನ ಎರಡರ ಕೈಯಲ್ಲೂ ಈಗ ಅಣುಬಾಂಬ್ ಇದೆ. ದೀಪ ಆರಿಸಿದರೆ ವಿಕಿರಣ ದಾರಿ ತಪ್ಪುವುದಿಲ್ಲ.

ಈ ಮಾತೆತ್ತಿದರೆ, ‘ಬಾಂಬ್ ಬಿದ್ದ ಮೇಲೆ ಉಳಿಯುವವರು ಯಾರು?’ ಎನ್ನುತ್ತಾರೆ. ಇದು ತಪ್ಪು ತಿಳಿವಳಿಕೆ ಮಾತ್ರವಲ್ಲ, ಜನರನ್ನು ಕೈಬಿಡಲು ಆಳುವವರಿಗೆ ಸಿಗುವ ನೆಪ. ಹಿರೋಷಿಮಾದಲ್ಲಿ ಬಾಂಬ್ ಸಿಡಿದ ಜಾಗದಿಂದ ಸುಮಾರು 170 ಮೀಟರ್ ಆಚೆ, ಕಾಗದಪತ್ರ ತರಲು ಕಾಂಕ್ರೀಟ್ ಕಟ್ಟಡದ ನೆಲಮಾಳಿಗೆಗೆ ಇಳಿದಿದ್ದ ನೌಕರನೊಬ್ಬ ಬದುಕುಳಿದ; ತೀರಿಕೊಂಡದ್ದು 1982ರಲ್ಲಿ. ಅಷ್ಟು ಹತ್ತಿರದಲ್ಲಿ ಅದು ಅದೃಷ್ಟ, ಒಪ್ಪುತ್ತೇನೆ. ಹತ್ತಾರು ಕಿಲೋಮೀಟರ್ ದೂರ ಗಾಳಿಯಲ್ಲಿ ತೇಲಿ ಬಂದು ಬೀಳುವ ವಿಕಿರಣ ಧೂಳಿನ ವಿಷಯ ಬೇರೆ. ಸ್ಫೋಟದ ನಂತರದ ಹೊತ್ತು ಏಳು ಪಟ್ಟಾದಂತೆಲ್ಲ ಅದರ ತೀವ್ರತೆ ಹೆಚ್ಚುಕಡಿಮೆ ಹತ್ತನೇ ಒಂದಕ್ಕೆ ಇಳಿಯುತ್ತದೆ: ಮೊದಲ ಗಂಟೆಗೆ ನೂರಿದ್ದದ್ದು ಏಳನೇ ಗಂಟೆಗೆ ಹತ್ತು, ಎರಡು ದಿನಕ್ಕೆ ಒಂದು. ಬೈಕ್ ಹತ್ತಿ ಓಡಿದವನಿಗಿಂತ, ಗಟ್ಟಿ ಕಟ್ಟಡದ ನಡುಭಾಗದಲ್ಲಿ ಕೂತು ಮೊದಲ ದಿನ ಹೊರಗೆ ಕಾಲಿಡದವಳು ಉಳಿಯುವ ಸಂಭವ ಹೆಚ್ಚು. ಮೇಲ್ಬಟ್ಟೆ ಕಳಚಿ ಹೊರಗಿಟ್ಟು ಸೋಪು ಹಚ್ಚಿ ಮೈ ತೊಳೆದರೆ ಅಂಟಿದ ಧೂಳಿನ ಬಹುಪಾಲು ಹೋಗುತ್ತದೆ. ಎಲ್ಲರೂ ಹುಡುಕಿ ಓಡುವ ಅಯೋಡಿನ್ ಮಾತ್ರೆ ಕಾಯುವುದು ಥೈರಾಯ್ಡ್ ಒಂದನ್ನೇ.

ಇಂಥ ಪಾಠ ಹೇಳಿದರೆ ಯುದ್ಧವೇ ಸಹ್ಯವೆನಿಸೀತು ಎಂದು ಶಾಂತಿಪರರಾದ ಗೆಳೆಯರು ಅಂಜುತ್ತಾರೆ. ಆದರೆ ವಿಕಿರಣಕ್ಕೆ ಯುದ್ಧವೇ ಬೇಕೆಂದಿಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿಗೆ ಬಂದ ಹಳೆಯ ಪ್ರಯೋಗಾಲಯದ ಯಂತ್ರದಲ್ಲಿ ಕೋಬಾಲ್ಟ್-60 ಇತ್ತು. ಬಿಚ್ಚಿದವರಿಗೆ ಅದೇನೆಂದು ಗೊತ್ತಿರಲಿಲ್ಲ. ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು.

ಗಟ್ಟಿ ಕಟ್ಟಡ ಎಂದೆ. ತಗಡಿನ ಸೂರಿನ ಕೆಳಗೆ ಬದುಕುವವರಿಗೆ ಅದೆಲ್ಲಿದೆ? ನನ್ನ ಸಿಟ್ಟೆಲ್ಲ ಇಲ್ಲಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲೇ ಅಣು ಮತ್ತು ವಿಕಿರಣ ತುರ್ತುಸ್ಥಿತಿಗೆ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಓದಿದ ನೆರೆಯವರು ನಿಮಗೆಷ್ಟು ಮಂದಿ ಗೊತ್ತು? ಸ್ವೀಡನ್ 2018ರಲ್ಲಿ ಯುದ್ಧಕಾಲದ ಕೈಪಿಡಿಯನ್ನು ಮನೆಮನೆಗೆ ತಲುಪಿಸಿತು. ನಮ್ಮಲ್ಲಿ ಒಂದು ಹಾಳೆ ಸಾಕು, ಕನ್ನಡದಲ್ಲಿ. ಈ ಬೀದಿಯವರು ಯಾವ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ, ಯಾವ ಸುರಂಗ ಮೆಟ್ರೊ ನಿಲ್ದಾಣಕ್ಕೆ, ಯಾವ ಶಾಲೆಯ ಒಳಕೋಣೆಗೆ ಹೋಗಬೇಕು, ಅಲ್ಲಿ ಕುಡಿಯುವ ನೀರೆಷ್ಟಿದೆ, ನಡುರಾತ್ರಿಯಲ್ಲಿ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಬರೆದು ಪ್ರತಿ ವಾರ್ಡಿನ ಪಡಿತರ ಅಂಗಡಿಯ ಗೋಡೆಗೆ ಅಂಟಿಸಲಿ.